ಕಾರಿನೊಳಗೆ ನೀರು: ಒದ್ದೆಯಾದ ಜಾಗ ಒಂದು, ಸೋರುವ ಜಾಗ ಇನ್ನೊಂದು

ಜೂನ್ ಮೂರನೇ ವಾರ. ಶಿರಸಿಯಲ್ಲಿ ಮಳೆ ಹಿಡಿದು ಐದು ದಿನ ಆಗಿತ್ತು. ಹಿಂದಿನ ಸೀಟಿನಲ್ಲಿ ಕೂತಿದ್ದ ಅಮ್ಮ "ಏನೋ ಇದು, ಕಾಲು ತಣ್ಣಗಾಗ್ತಾ ಇದೆ" ಅಂದಾಗಲೇ ನನಗೆ ಗೊತ್ತಾಗಿದ್ದು. ಮ್ಯಾಟ್ ಎತ್ತಿ ಕಾರ್ಪೆಟ್ ಒತ್ತಿದರೆ ನೆನೆಸಿದ ಸ್ಪಂಜಿನ ಹಾಗೆ ನೀರು ಉಕ್ಕಿತು. ನಾನು ಮಾಡಿದ ಮೊದಲ ಕೆಲಸ ಅಂಗಡಿಗೆ ಹೋಗಿ ಸಿಲಿಕಾನ್ ಟ್ಯೂಬ್ ತಂದದ್ದು. ಮುಂದಿನ ಗಾಜಿನ ಸುತ್ತ, ರೂಫ್ ರೇಲಿನ ಬುಡಕ್ಕೆ, ಬಾಗಿಲ ಅಂಚಿನ ರಬ್ಬರ್ ಪಟ್ಟಿಗೆ (ಬೀಡಿಂಗ್), ಕಂಡಕಂಡಲ್ಲೆಲ್ಲ ಮೆತ್ತಿದೆ. ಮರುದಿನ ಬೆಳಿಗ್ಗೆ ನೋಡಿದರೆ ಮತ್ತೆ ಅಷ್ಟೇ ಒದ್ದೆ.

ಹಂಚಿನ ಮನೆಯಲ್ಲಿ ಬೆಳೆದವನಿಗೆ ಇದು ಮೊದಲೇ ಹೊಳೆಯಬೇಕಿತ್ತು. ಹಂಚು ಒಡೆದಿರುವುದು ಒಂದು ಕಡೆ, ನೀರು ರೀಪಿನ ಗುಂಟ ಇಳಿದು ತೊಟ್ಟಿಕ್ಕುವುದು ಇನ್ನೊಂದು ಕಡೆ. ಕಾರೂ ಹಾಗೆಯೇ. ಚಾವಣಿಯಲ್ಲಿ ನುಗ್ಗಿದ ನೀರು ಚಾವಣಿ ಹೊತ್ತ ಬದಿಯ ಕಂಬದೊಳಗೆ ಇಳಿದು ಕಾಲ ಬುಡದಲ್ಲಿ ಕಾಣಿಸುತ್ತದೆ. ಮುಂದೆ ಸೋರಿದ್ದು ಕಾರ್ಪೆಟ್ ಅಡಿಯಲ್ಲೇ ಹರಿದು ಹಿಂದಿನ ಸೀಟಿನ ಕೆಳಗೆ ನಿಲ್ಲುತ್ತದೆ. ಅದಕ್ಕೇ ಟ್ಯೂಬ್ ಕೈಗೆ ತಗೊಳ್ಳುವ ಮೊದಲು ಸ್ವಲ್ಪ ಪತ್ತೇದಾರಿ ಕೆಲಸ ಮಾಡಿ. ಅದಕ್ಕೆ ದುಡ್ಡು ಬೇಡ.

ಮೊದಲು: ಇದು ಯಾವ ನೀರು, ಯಾವಾಗ ಬರುತ್ತದೆ?

ಒಂದು ಬಿಳಿ ಟಿಶ್ಯೂ ಅಥವಾ ಹಳೇ ಬಿಳಿ ಬನಿಯನ್ ತುಂಡನ್ನು ಒದ್ದೆ ಜಾಗದ ಮೇಲೆ ಒತ್ತಿ, ಬೆಳಕಲ್ಲಿ ನೋಡಿ, ಮೂಸಿ. ಬಣ್ಣ ಇಲ್ಲ, ವಾಸನೆ ಇಲ್ಲ ಅಂದರೆ ಎಸಿ ನೀರು ಅಥವಾ ಮಳೆ ನೀರು. ಮಣ್ಣಿನ ಬಣ್ಣ ಇದ್ದರೆ ಕೆಳಗಿನಿಂದ, ರಸ್ತೆಯಿಂದ ಬಂದಿರಬಹುದು. ಸೋಪಿನ ವಾಸನೆ ಇದ್ದರೆ ವೈಪರ್ ವಾಷರಿನ ನೀರು. ಹಸಿರು, ಗುಲಾಬಿ, ನೀಲಿ, ಹೀಗೆ ಏನಾದರೂ ಬಣ್ಣ ಇದ್ದು ಬೆರಳಿಗೆ ಜಿಡ್ಡಾಗಿ ಸಿಹಿ ವಾಸನೆ ಬಂದರೆ ಅದು ಕೂಲಂಟ್, ಅಂದರೆ ಎಂಜಿನ್ ತಣ್ಣಗಿಡುವ ದ್ರವ. ನಾಲಗೆಗೆ ಮಾತ್ರ ತಾಗಿಸಬೇಡಿ, ಕೂಲಂಟ್ ವಿಷ.

ಆಮೇಲೆ ಎರಡು ಮೂರು ದಿನ ಗಮನಿಸಿ. ಮಳೆ ಇಲ್ಲದ ದಿನವೂ ಒದ್ದೆಯಾಗುತ್ತದೆಯಾ? ನಿಲ್ಲಿಸಿದಾಗ ಬರುತ್ತದೆಯಾ, ಓಡಿಸಿದಾಗಲಾ? ಇಳಿಜಾರಿನಲ್ಲಿ ಮೂತಿ ಮೇಲೆ ಮಾಡಿ ನಿಲ್ಲಿಸಿದರೆ ಜಾಸ್ತಿಯಾ? ನಮ್ಮ ಮಲೆನಾಡಿನ ಅಂಗಳಗಳು ಸಮತಟ್ಟಾಗಿರುವುದೇ ಕಡಿಮೆ, ಹಾಗಾಗಿ ಈ ಕೊನೆಯ ಪ್ರಶ್ನೆಗೆ ತುಂಬ ಬೆಲೆ ಇದೆ. ರಾತ್ರಿ ಮಲಗುವ ಮೊದಲು ನಾಲ್ಕೂ ಕಾಲ್ಬುಡದಲ್ಲಿ ಮತ್ತು ಡಿಕ್ಕಿಯಲ್ಲಿ ಒಣ ಪೇಪರ್ ಹಾಸಿ. ಬೆಳಿಗ್ಗೆ ಯಾವ ಪೇಪರ್, ಅದರ ಯಾವ ಅಂಚು ಮೊದಲು ನೆನೆದಿದೆ ಅಂತ ನೋಡಿ. ನನ್ನ ಕಾರಿನ ರಹಸ್ಯ ಬಯಲಾದದ್ದು ಒಂದು ದಿನಪತ್ರಿಕೆಯಿಂದಲೇ.

ಎಸಿ ಹಾಕಿದ ದಿನ ಮಾತ್ರ ಮುಂದೆ ಎಡಗಡೆ ಒದ್ದೆ

ಇದು ಅತಿ ಸಾಮಾನ್ಯ ದೋಷ. ಅತಿ ಅಗ್ಗದ್ದೂ ಹೌದು. ಎಸಿ ತಣ್ಣಗೆ ಮಾಡುವಾಗ ಗಾಳಿಯಲ್ಲಿರುವ ನೀರು ಡ್ಯಾಷ್‌ಬೋರ್ಡ್ ಒಳಗಿನ ಕಾಯಿಲ್ ಮೇಲೆ ಇಳಿಯುತ್ತದೆ. ಅಲ್ಲಿಂದ ಒಂದು ಸಣ್ಣ ರಬ್ಬರ್ ಪೈಪಿನ ಮೂಲಕ ಕಾರಿನ ಕೆಳಗೆ ಬೀಳಬೇಕು. ಆ ಪೈಪ್ ಕಟ್ಟಿಕೊಂಡರೆ ಅಥವಾ ಜಾರಿ ಕಳಚಿಕೊಂಡರೆ ನೀರು ಒಳಗೇ ತುಳುಕಿ ಬೀಳುತ್ತದೆ. ತಿರುವಿನಲ್ಲಿ ಡ್ಯಾಷ್‌ಬೋರ್ಡ್ ಒಳಗಿಂದ ಗುಳುಗುಳು ಸದ್ದು ಬಂದರೆ ಅನುಮಾನವೇ ಬೇಡ.

ಪರೀಕ್ಷೆ ಸುಲಭ. ಬಯಲಿನಲ್ಲಿ ನಿಲ್ಲಿಸಿ 15 ನಿಮಿಷ ಎಸಿ ಜೋರಾಗಿ ಓಡಿಸಿ, ಕಾರಿನ ಅಡಿ ನೋಡಿ. ಮಂಗಳೂರು, ಕಾರವಾರದ ಸೆಕೆಯಲ್ಲಿ ಕೆಳಗೆ ಪುಟ್ಟ ಕೆರೆಯೇ ಆಗಬೇಕು. ಅಲ್ಲಿ ನೆಲ ಒಣಗಿದ್ದು ಒಳಗೆ ಮ್ಯಾಟ್ ಒದ್ದೆ ಅಂದರೆ ಪೈಪ್ ಕಟ್ಟಿದೆ. ಬಳ್ಳಾರಿ, ಕಲಬುರಗಿಯ ಒಣ ಬೇಸಿಗೆಯಲ್ಲಿ ಕಡಿಮೆ ತೊಟ್ಟಿಕ್ಕುವುದು ಸಹಜ, ಅಲ್ಲಿ ಇದನ್ನೇ ನಂಬಿ ತೀರ್ಮಾನ ಮಾಡಬೇಡಿ.

ಪೈಪಿನ ತುದಿ ಕೆಳಗಿಂದ ಕೈಗೆ ಸಿಗುವಂತಿದ್ದರೆ ವೈರ್ ಕಟ್ಟುವ ಮೆತ್ತನೆಯ ಪ್ಲಾಸ್ಟಿಕ್ ಟೈ ಒಂದನ್ನು ನಿಧಾನವಾಗಿ ಎರಡು ಮೂರು ಇಂಚು ತೂರಿಸಿ ಆಡಿಸಿದರೆ ಸಾಕು. ದೂಳಿನ ಕೆಸರು ಬೀಳುತ್ತದೆ. ಕೆಲವೊಮ್ಮೆ ಕುಂಬಾರ ಹುಳದ ಮಣ್ಣಿನ ಗೂಡೇ ಬರುತ್ತದೆ. ಕಬ್ಬಿಣದ ತಂತಿ ಬೇಡ. ಸ್ವಲ್ಪ ಜಾಸ್ತಿ ತಳ್ಳಿದರೆ ಎಸಿ ಕಾಯಿಲ್ ತೂತಾಗಿ ಐವತ್ತು ರೂಪಾಯಿ ಕೆಲಸ ಸಾವಿರಗಟ್ಟಲೆ ಆಗುತ್ತದೆ. ಇನ್ನೊಂದು ಮಾತು: ಬರೀ ಜಾಕ್ ಮೇಲೆ ನಿಂತ ಕಾರಿನ ಅಡಿಗೆ ಯಾವ ಕಾರಣಕ್ಕೂ ನುಸುಳಬೇಡಿ. ತುದಿ ಕೈಗೆ ಸಿಗದಿದ್ದರೆ ಗ್ಯಾರೇಜಿನ ಲಿಫ್ಟ್ ಮೇಲೆ ಇದು ಹತ್ತು ನಿಮಿಷದ ಕೆಲಸ.

ಜಿಡ್ಡು, ಸಿಹಿ ವಾಸನೆ, ಗಾಜಿನ ಒಳಗೆ ಎಣ್ಣೆ ಸವರಿದ ಹಾಗೆ ಮಸುಕು

ಇದು ಹೀಟರ್ ಕೋರ್ (ಬಿಸಿ ಕೂಲಂಟ್ ಹರಿದು ಕ್ಯಾಬಿನ್ ಗಾಳಿಯನ್ನು ಬಿಸಿ ಮಾಡುವ ಭಾಗ) ಅಥವಾ ಅದರ ಪೈಪಿನ ಸೋರಿಕೆ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಕೂಲಂಟ್ ಡಬ್ಬದ ಮಟ್ಟ ನೋಡಿ, ಕೆಳಗಿನ ಗೆರೆಗಿಂತ ಇಳಿದಿರುತ್ತದೆ. ಬಿಸಿ ಇರುವಾಗ ಮುಚ್ಚಳ ತೆಗೆದರೆ ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ. ಇಲ್ಲಿ ಮನೆಮದ್ದು ನಡೆಯುವುದಿಲ್ಲ. ಸುಮ್ನೆ ನೀರು ತುಂಬಿಸಿಕೊಂಡು ಘಾಟಿ ಹತ್ತಿಸಿದರೆ ಎಂಜಿನ್ ಕಾದು ಅದರ ಮೇಲ್ಭಾಗದ ಸಿಲಿಂಡರ್ ಹೆಡ್ ಕೆಡುತ್ತದೆ. ಮಕ್ಕಳು, ನಾಯಿ, ಬೆಕ್ಕು ಆ ಒದ್ದೆಯ ಹತ್ತಿರ ಹೋಗದಂತೆ ನೋಡಿಕೊಳ್ಳಿ. ಸಿಹಿ ಇರುವುದರಿಂದ ಪ್ರಾಣಿಗಳು ನೆಕ್ಕುತ್ತವೆ. ಬಿಡಿಭಾಗ ಬರುವ ತನಕ ಮೆಕ್ಯಾನಿಕ್ ಹೀಟರ್ ಪೈಪನ್ನು ಬೈಪಾಸ್ ಮಾಡಿ ಕೊಡಬಲ್ಲರು. ಆದರೆ ಮಡಿಕೇರಿಯ ಮಂಜಿನಲ್ಲಿ ಗಾಜು ತಿಳಿಯಾಗಿಸಲು ಹೀಟರ್ ಬೇಕೇ ಬೇಕು ಅನ್ನುವುದು ನೆನಪಿರಲಿ.

ಮಳೆ ಬಂದಾಗ ಮಾತ್ರ ಮುಂದಿನ ಕಾಲ್ಬುಡ ಒದ್ದೆ

ಬಾನೆಟ್ ಎತ್ತಿ. ವೈಪರ್ ಕೆಳಗಿರುವ ಕಪ್ಪು ಜಾಲರಿಯ ಒಳಗೆ ಒಂದು ದೋಣಿಯಂಥ ಜಾಗ ಇದೆ. ಗಾಜಿನ ಮೇಲೆ ಬಿದ್ದ ಮಳೆಯೆಲ್ಲ ಅಲ್ಲಿಗೆ ಇಳಿದು ಎರಡು ಬದಿಯ ತೂತಿನಿಂದ ಹೊರಗೆ ಹೋಗುತ್ತದೆ. ಕ್ಯಾಬಿನ್‌ಗೆ ಗಾಳಿ ಎಳೆಯುವ ಬಾಯಿಯೂ ಅಲ್ಲೇ ಇದೆ. ತೂತು ಮುಚ್ಚಿದರೆ ನೀರು ಏರಿ ಏರಿ ಗಾಳಿಯ ಬಾಯಿಂದ ಒಳಗೆ ಇಳಿಯುತ್ತದೆ. ಬೆಂಗಳೂರಿನಲ್ಲಿ ಹೊಂಗೆ ಮರದಡಿ ನಿಲ್ಲಿಸುವವರು ಇದನ್ನು ಕಡ್ಡಾಯವಾಗಿ ನೋಡಿ. ಯುಗಾದಿ ಕಳೆದು ಹೊಂಗೆ ಹೂ ಉದುರುತ್ತದೆ, ಒಂದೆರಡು ಮುಂಗಾರುಪೂರ್ವ ಮಳೆಗೆ ಅದು ಗಂಜಿಯ ಹಾಗೆ ಗಟ್ಟಿಯಾಗಿ ತೂತಿಗೆ ಬಿರಡೆ ಹಾಕುತ್ತದೆ. ಮೊದಲ ಜೋರು ಮಳೆಗೆ ಕಾರು ಸೋರುತ್ತದೆ.

ಕೈಯಿಂದ ಕಸ ತೆಗೆದು ಒಂದು ಚೊಂಬು ನೀರು ಸುರಿಯಿರಿ. ಚಕ್ರದ ಹಿಂದೆ ಸರಾಗವಾಗಿ ಇಳಿಯಬೇಕು. ಗ್ಲವ್‌ಬಾಕ್ಸ್ ಹಿಂದಿನ ಕ್ಯಾಬಿನ್ ಫಿಲ್ಟರ್ ಹೊರಗೆಳೆದು ನೋಡಿ. ಅದು ನೆನೆದಿದ್ದರೆ ನೀರು ಇದೇ ದಾರಿಯಲ್ಲಿ ಬಂದಿದೆ ಎನ್ನುವುದಕ್ಕೆ ಸಾಕ್ಷಿ ಬೇರೆ ಬೇಡ.

ಫಿಲ್ಟರ್ ಒಣಗಿದೆಯಾ? ಹಾಗಾದರೆ ಎಂಜಿನ್‌ನಿಂದ ಒಳಗೆ ವೈರ್ ಬರುವ ರಬ್ಬರ್ ಬುಶ್ ನೋಡಿ. ಫಾಗ್ ಲ್ಯಾಂಪ್, ಜೋರು ಹಾರ್ನ್ ಹಾಕಿಸಿದವರ ಕಾರುಗಳಲ್ಲಿ ಆ ಬುಶ್ಶನ್ನು ಸ್ಕ್ರೂಡ್ರೈವರಿನಿಂದ ತೂತು ಮಾಡಿ ವೈರ್ ತೂರಿಸಿರುತ್ತಾರೆ. ನೀರು ವೈರ್ ಹಿಡಿದು ನೇರ ಒಳಗೆ ಇಳಿಯುತ್ತದೆ. ವೈರ್ ಒಳಗೆ ಹೋಗುವ ಮೊದಲು ಕೆಳಗೆ ಜೋತು ಬಿದ್ದ ಬಳುಕು ಇದ್ದರೆ ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಇತ್ತೀಚೆಗೆ ಮುಂದಿನ ಗಾಜು ಬದಲಿಸಿದ್ದರೆ ಅನುಮಾನ ಅದರ ಮೇಲೆ. ಗಾಜಿನ ಅಂಟು ಒಂದು ಕಡೆ ತೆಳುವಾಗಿದ್ದರೂ ನೀರು ಡ್ಯಾಷ್‌ಬೋರ್ಡ್ ಹಿಂದೆ ಇಳಿಯುತ್ತದೆ. ಮೇಲಿಂದ ಸಿಲಿಕಾನ್ ಮೆತ್ತಿದರೆ ನಿಲ್ಲುವುದಿಲ್ಲ. ಗಾಜು ತೆಗೆದು ಸರಿಯಾದ ಅಂಟಿನಿಂದ ಮತ್ತೆ ಕೂರಿಸಬೇಕು. ಅಪಘಾತವಾದರೆ ಗಾಜು ಚೌಕಟ್ಟಿನಲ್ಲಿ ಗಟ್ಟಿಯಾಗಿ ನಿಲ್ಲುವುದು ಆ ಅಂಟಿನಿಂದಲೇ, ಹಾಗಾಗಿ ಇದನ್ನು ಗಾಜು ಹಾಕಿದವರಿಗೇ ಒಪ್ಪಿಸಿ.

ಬಾಗಿಲ ಪಕ್ಕದ ಕಾರ್ಪೆಟ್ ಒದ್ದೆ, ಬಾಗಿಲು ಹಾಕಿದಾಗ ಒಳಗೆ ನೀರು ತುಳುಕುವ ಸದ್ದು

ನನ್ನ ಕಾರಿನ ಕಥೆ ಇದೇ. ಬಾಗಿಲೊಳಗೆ ನೀರು ಹೋಗುವುದು ದೋಷವಲ್ಲ, ಅದು ಇರುವುದೇ ಹಾಗೆ. ಇದು ನನಗೆ ಗೊತ್ತೇ ಇರಲಿಲ್ಲ. ಗಾಜಿನ ಪಕ್ಕದಿಂದ ಇಳಿದ ಮಳೆ ಬಾಗಿಲಿನ ಹೊಟ್ಟೆಯೊಳಗೆ ಬಿದ್ದು, ಕೆಳಗಿನ ಅಂಚಿನ ಸಣ್ಣ ತೂತುಗಳಿಂದ ಹೊರಗೆ ಹೋಗುತ್ತದೆ. ಅದು ಕ್ಯಾಬಿನ್ ಕಡೆ ಬರದಂತೆ ಡೋರ್ ಪ್ಯಾಡಿನ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆಯನ್ನು ಕಪ್ಪು ಅಂಟಿನಿಂದ ಸುತ್ತಲೂ ಅಂಟಿಸಿರುತ್ತಾರೆ. ಆ ತೆಳ್ಳನೆಯ ಹಾಳೆಯೇ ಕಾರಿನ ರೇನ್‌ಕೋಟ್.

ತುಳುಕುವ ಸದ್ದು ಇದ್ದರೆ ತೂತು ಮುಚ್ಚಿದೆ ಎಂದರ್ಥ. ಬಾಗಿಲು ತೆರೆದು ಕೆಳ ಅಂಚನ್ನು ಸವರಿ ನೋಡಿ, ಒಂದು ಕಡ್ಡಿಯಿಂದ ಮಣ್ಣು ತೆಗೆಯಿರಿ. ಕೆಂಪು ಮಣ್ಣಿನ ರಸ್ತೆಯಲ್ಲಿ ಓಡಾಡುವವರಿಗೆ ಇದು ಪ್ರತಿ ಮಳೆಗಾಲದ ಮುಂಚಿನ ಕೆಲಸ. ಬಿಟ್ಟರೆ ಬಾಗಿಲು ಒಳಗಿಂದ ತುಕ್ಕು ಹಿಡಿಯುತ್ತದೆ.

ಸದ್ದು ಇಲ್ಲ, ಆದರೆ ಡೋರ್ ಪ್ಯಾಡಿನ ಕೆಳ ಅಂಚು ಒದ್ದೆ, ಬೀಡಿಂಗಿನ ಒಳಬದಿಯ ಹೊಸ್ತಿಲೂ ಒದ್ದೆ ಅಂದರೆ ಹಾಳೆ ಹರಿದಿದೆ ಅಥವಾ ಬಿಟ್ಟುಕೊಂಡಿದೆ. ನಾನು ಆ ವರ್ಷ ಫೆಬ್ರುವರಿಯಲ್ಲಿ ಹಿಂದಿನ ಬಾಗಿಲುಗಳಿಗೆ ಸ್ಪೀಕರ್ ಹಾಕಿಸಿದ್ದೆ. ಹಾಕಿದವರು ಹಾಳೆಯನ್ನು ಬ್ಲೇಡಿನಲ್ಲಿ ಕೊಯ್ದು, ಕೆಲಸ ಮುಗಿದ ಮೇಲೆ ಸೆಲ್ಲೋಟೇಪ್ ಅಂಟಿಸಿ ಕಳಿಸಿದ್ದರು. ಬೇಸಿಗೆಯಲ್ಲಿ ಗೊತ್ತಾಗಲಿಲ್ಲ. ಜೂನ್‌ನಲ್ಲಿ ಟೇಪ್ ಬಿಟ್ಟಿತು. ಪೇಪರ್ ಹಾಸಿದ ರಾತ್ರಿ ನೆನೆದದ್ದು ಎಡ ಹಿಂಬಾಗಿಲಿನ ಕಡೆಯ ಅಂಚು ಮಾತ್ರ. ಮಧ್ಯದ ಕಡೆ ಪೂರ್ತಿ ಒಣಗಿತ್ತು.

ಹಾಳೆ ಸರಿ ಮಾಡಲು ಬ್ಯುಟೈಲ್ ಟೇಪ್ (ಮೆತ್ತನೆಯ ಅಂಟು ರಬ್ಬರಿನ ಪಟ್ಟಿ) ಬೇಕು, ಸಾಮಾನ್ಯ ಟೇಪ್ ಒದ್ದೆಯಲ್ಲಿ ನಿಲ್ಲುವುದಿಲ್ಲ. ಹಾಳೆಯ ಕೆಳ ಅಂಚು ನೀರನ್ನು ಬಾಗಿಲಿನ ಹೊಟ್ಟೆಯೊಳಗೆ ಬೀಳಿಸುವ ಹಾಗೆ ಕೂರಬೇಕು. ಪ್ಯಾಡ್ ಬಿಚ್ಚುವ ಅಭ್ಯಾಸ ಇಲ್ಲದವರು ಕ್ಲಿಪ್ ಮುರಿದುಕೊಳ್ಳುವುದೇ ಹೆಚ್ಚು. ಕೆಲವು ಕಾರುಗಳಲ್ಲಿ ಬಾಗಿಲೊಳಗೆ ಏರ್‌ಬ್ಯಾಗಿನ ಸೆನ್ಸರ್ ಕೂಡ ಇರುತ್ತದೆ. ಧೈರ್ಯ ಇಲ್ಲದಿದ್ದರೆ ಮಾಡಿಸಿಬಿಡಿ.

ಬೀಡಿಂಗ್ ಬಗ್ಗೆ ಎರಡು ಮಾತು. ಹತ್ತು ರೂಪಾಯಿ ನೋಟನ್ನು ಬಾಗಿಲಿಗೆ ಸಿಕ್ಕಿಸಿ ಹಾಕಿ, ಎಳೆಯಿರಿ. ಬಿಗಿಯಾಗಿ ಬಂದರೆ ಸರಿ, ಸಲೀಸಾಗಿ ಜಾರಿದರೆ ಅಲ್ಲಿ ರಬ್ಬರ್ ಕೂತಿಲ್ಲ. ಸುತ್ತಲೂ ಹೀಗೆ ನೋಡಿ. ರಬ್ಬರ್ ಕಳಚಿದ್ದರೆ ಒತ್ತಿ ಕೂರಿಸಿ, ಚಪ್ಪಟೆಯಾಗಿದ್ದರೆ ಬದಲಿಸಿ.

ಚಾವಣಿಯ ಬಟ್ಟೆಯಲ್ಲಿ ಕಲೆ, ಕಂಬದ ಗುಂಟ ನೀರು

ಸನ್‌ರೂಫ್ ಇದ್ದರೆ ಅಲ್ಲಿಂದಲೇ ಶುರು ಮಾಡಿ. ಸನ್‌ರೂಫ್ ಸುತ್ತ ಒಂದು ಕಾಲುವೆ ಇದೆ. ಅದರ ಮೂಲೆಗಳಿಂದ ಪೈಪುಗಳು ಕಂಬಗಳೊಳಗೆ ಇಳಿದು ಹೊರಗೆ ತೆರೆದುಕೊಳ್ಳುತ್ತವೆ. ರಬ್ಬರ್ ದಾಟಿ ಸ್ವಲ್ಪ ನೀರು ಬಂದೇ ಬರುತ್ತದೆ, ಅದನ್ನು ಒಯ್ಯುವುದು ಈ ಪೈಪುಗಳ ಕೆಲಸ. ಸನ್‌ರೂಫ್ ತೆರೆದು ಕಾಲುವೆಯ ಎಲೆ, ದೂಳು ಒರೆಸಿ, ಮೂಲೆಗೆ ಅರ್ಧ ಲೋಟ ನೀರು ನಿಧಾನ ಹುಯ್ಯಿರಿ. ಇಳಿಯದಿದ್ದರೆ ಮೆತ್ತನೆಯ ನೈಲಾನ್ ದಾರ ತೂರಿಸಿ ನೋಡಿ. ಪಂಕ್ಚರ್ ಅಂಗಡಿಯ ಗಾಳಿ ಹೊಡೆಸಬೇಡಿ. ಒತ್ತಡಕ್ಕೆ ಪೈಪ್ ಒಳಗೇ ಕಳಚಿಕೊಂಡರೆ ಚಾವಣಿಯ ಬಟ್ಟೆಯನ್ನೇ ಇಳಿಸಬೇಕಾಗುತ್ತದೆ.

ಸನ್‌ರೂಫ್ ಇಲ್ಲವಾದರೆ ಆಂಟೆನಾ ಬುಡದ ರಬ್ಬರ್, ರೂಫ್ ರೇಲಿನ ಬೋಲ್ಟು, ಕ್ಯಾರಿಯರ್‌ಗಾಗಿ ಕೊರೆದ ತೂತು. ಕಂಬದ ಪ್ಲಾಸ್ಟಿಕ್ ಕಿತ್ತು ನೋಡುವ ಆಸೆ ಆಗುತ್ತದೆ, ಬೇಡ. ಅನೇಕ ಕಾರುಗಳಲ್ಲಿ ಅದರ ಹಿಂದೆ ಬದಿಯಿಂದ ತಲೆ ಕಾಯುವ ಕರ್ಟನ್ ಏರ್‌ಬ್ಯಾಗ್ ಇದೆ.

ಡಿಕ್ಕಿಯಲ್ಲಿ, ಸ್ಟೆಪ್ನಿ ಗುಂಡಿಯಲ್ಲಿ ನೀರು

ಮಗನನ್ನೋ ತಮ್ಮನನ್ನೋ ಟಾರ್ಚ್ ಕೊಟ್ಟು ಒಳಗೆ ಕೂರಿಸಿ. ಹಿಂದಿನ ಸೀಟು ಮಡಚಿ, ಡಿಕ್ಕಿಯ ಟ್ರಿಮ್ ಸರಿಸಿ. ನೀವು ಹೊರಗಿಂದ ಟೇಲ್ ಲ್ಯಾಂಪ್ ಮೇಲೆ ನೀರು ಬಿಡಿ. ಹೆಚ್ಚಿನ ಸಲ ಅಲ್ಲೇ ಸಿಗುತ್ತದೆ, ಲ್ಯಾಂಪ್ ಹಿಂದೆ ನೀರು ತಡೆಯುವ ಸ್ಪಂಜು ಗ್ಯಾಸ್ಕೆಟ್ ಸತ್ತಿರುತ್ತದೆ. ಆಮೇಲೆ ಡಿಕ್ಕಿ ಬೀಡಿಂಗ್, ನಂಬರ್ ಪ್ಲೇಟ್ ದೀಪ, ಬಂಪರ್ ಹಿಂದಿನ ಗಾಳಿ ಕಿಂಡಿ. ಹಿಂದಿನಿಂದ ಗುದ್ದಿಸಿಕೊಂಡು ಟಿಂಕರಿಂಗ್ ಆದ ಕಾರಾದರೆ ತಗಡಿನ ಜೋಡಣೆಯ ಸೀಲರ್ ಬಿರಿದಿರಬಹುದು. ಹಿಂದಿನ ವೈಪರ್ ಇರುವ ಕಾರಿನಲ್ಲಿ ಸೋಪು ನೀರಿದ್ದರೆ ವಾಷರ್ ಪೈಪ್ ಕಳಚಿದೆ.

ಸ್ಟೆಪ್ನಿ ಗುಂಡಿಯ ರಬ್ಬರ್ ಬಿರಡೆ ತೆಗೆದು ನೀರು ಬಿಟ್ಟು ಹಾಗೇ ಓಡಾಡುವವರಿದ್ದಾರೆ. ಒಂದೆರಡು ದಿನ ಸರಿ. ಆಮೇಲೆ ರಸ್ತೆಯ ನೀರು ಅದೇ ತೂತಿನಿಂದ ಮೇಲೆ ಬರುತ್ತದೆ. ರಸ್ತೆ ಗುಂಡಿಯ ನೀರಲ್ಲಿ ಓಡಿಸಿದ ದಿನ ಮಾತ್ರ ಕೆಸರು ನೀರು ಕಂಡರೆ ಕಾರಿನ ತಳದ ಇಂಥದೇ ಬಿರಡೆ ಯಾವುದೋ ಬಿದ್ದುಹೋಗಿದೆ ಅಂತ ಲೆಕ್ಕ.

ಎಲ್ಲೂ ನೀರಿಲ್ಲ, ಆದರೆ ಗಾಜು ಮಂಜಾಗುತ್ತದೆ, ಮುಗ್ಗಲು ವಾಸನೆ

ಬೆರಳಿಂದ ಒರೆಸಿ ನೋಡಿ. ಮಂಜು ಗಾಜಿನ ಹೊರಗಿದ್ದರೆ ಎಸಿ ಜಾಸ್ತಿ ತಣ್ಣಗಿದೆ, ವೈಪರ್ ಹಾಕಿ, ತಂಪು ಕಡಿಮೆ ಮಾಡಿ. ಒಳಗಿದ್ದರೆ ಕ್ಯಾಬಿನ್‌ನಲ್ಲಿ ಪಸೆ ಇದೆ. ಅನೇಕರು ಮಳೆಯಲ್ಲಿ ಒಳಗಿನ ಗಾಳಿಯನ್ನೇ ತಿರುಗಿಸುವ ಬಟನ್ ಒತ್ತಿ ಬಿಟ್ಟಿರುತ್ತಾರೆ. ನಾಲ್ಕು ಜನರ ಉಸಿರು, ಒದ್ದೆ ಛತ್ರಿ, ನೆನೆದ ಚಪ್ಪಲಿ, ಇನ್ನೇನಾಗಬೇಕು? ಹೊರಗಿನ ಗಾಳಿ, ಎಸಿ, ಸ್ವಲ್ಪ ಹೀಟರ್, ಮೂರನ್ನೂ ಒಟ್ಟಿಗೆ ಗಾಜಿನ ಕಡೆ ಬಿಡಿ. ಎಸಿ ಗಾಳಿಯನ್ನು ಒಣಗಿಸುತ್ತದೆ.

ಇಷ್ಟಾದರೂ ಬೆಳಿಗ್ಗೆ ದಿನವೂ ಗಾಜಿನೊಳಗೆ ಹನಿ ಇದ್ದರೆ ಕಾರ್ಪೆಟ್ ಅಡಿಯಲ್ಲಿ ನೀರು ಇದೆ. ಮೇಲೆ ಒಣಗಿದಂತೆ ಕಾಣುತ್ತದೆ, ನಂಬಬೇಡಿ, ಅಡಿಯ ಫೋಮಿಗೆ ಬೆರಳು ತೂರಿಸಿ ನೋಡಿ.

ಇಷ್ಟಕ್ಕೂ ಸಿಗದಿದ್ದರೆ: ಪೈಪ್ ಪರೀಕ್ಷೆ

ತೋಟದ ಪೈಪ್ ಸಾಕು, ಪ್ರೆಷರ್ ವಾಷರ್ ಬೇಡ. ಅದು ಒಳ್ಳೇ ಬೀಡಿಂಗನ್ನೂ ದಾಟಿ ದಾರಿ ತಪ್ಪಿಸುತ್ತದೆ. ಕೆಳಗಿನಿಂದ ಶುರು ಮಾಡಿ ನಿಧಾನಕ್ಕೆ ಮೇಲೆ ಹೋಗಿ. ಒಂದೊಂದು ಜಾಗಕ್ಕೆ ಐದರಿಂದ ಹತ್ತು ನಿಮಿಷ. ಮೊದಲೇ ಚಾವಣಿಗೆ ಹುಯ್ದರೆ ಎಲ್ಲ ಕಡೆ ನೆನೆದು ಏನೂ ತಿಳಿಯುವುದಿಲ್ಲ. ಒಳಗಿರುವವರು ಕೂಗಿದ ಕೂಡಲೇ ನಿಲ್ಲಿಸಿ, ಒಣಗಿಸಿ, ಅದೇ ಜಾಗಕ್ಕೆ ಇನ್ನೊಮ್ಮೆ ಬಿಡಿ. ಎರಡು ಸಲ ಬಂದರೆ ಮಾತ್ರ ಅದೇ ಕಳ್ಳ.

ಒಣಗಿಸುವುದು

ಸೋರಿಕೆ ನಿಂತರೆ ಅರ್ಧ ಕೆಲಸ ಆಯಿತು, ಅಷ್ಟೇ. ಕಾರ್ಪೆಟ್ ಅಡಿಯ ಫೋಮ್ ಲೀಟರ್‌ಗಟ್ಟಲೆ ನೀರು ಹಿಡಿದಿಟ್ಟುಕೊಳ್ಳುತ್ತದೆ. ಮೊದಲು ನೀರು ಎಳೆಯುವ ವ್ಯಾಕ್ಯೂಮ್, ಕಾರ್ ವಾಷ್‌ನವರ ಬಳಿ ಇರುತ್ತದೆ. ಆಮೇಲೆ ಕಾರ್ಪೆಟ್ ಅಂಚು ಎತ್ತಿ ಅಡಿಗೆ ಮರದ ತುಂಡು ಕೊಟ್ಟು ಎರಡು ಮೂರು ದಿನ ಫ್ಯಾನ್ ಹಚ್ಚಿ. ಬಿಸಿಲು ಬಂದರೆ ಪುಣ್ಯ. ಆಗುಂಬೆಯಂಥ ಕಡೆ, ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ ಬೀಳುವಲ್ಲಿ, ಬಾಗಿಲು ತೆರೆದಿಟ್ಟರೂ ಹೊರಗಿನ ಗಾಳಿಯೇ ಒದ್ದೆ. ಅಲ್ಲಿ ದಿನಕ್ಕೊಂದು ಗಂಟೆ ಎಸಿ ಹಾಕಿಕೊಂಡು ಓಡಿಸುವುದೇ ವಾಸಿ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿ ಒಣಗಿಸಬೇಡಿ, ಕೆಂಡದ ಬಾಂಡಲಿ ಇಡಬೇಡಿ, ಎರಡರಿಂದಲೂ ಜೀವ ಹೋಗುವ ವಿಷಗಾಳಿ ಬರುತ್ತದೆ. ಪಸೆ ಹೀರಲು ಉಪ್ಪಿನ ಗಂಟು ಇಡುವವರು ಡಬ್ಬದಲ್ಲಿ ಇಡಿ, ಉಪ್ಪುನೀರು ತಗಡಿಗೆ ಇಳಿದರೆ ತುಕ್ಕು.

ಬೂಷ್ಟು ಬಂದಿದ್ದರೆ ಮಾಸ್ಕ್ ಹಾಕಿಕೊಂಡು, ಬಾಗಿಲು ತೆರೆದು, ನೀರು ಬೆರೆಸಿದ ಬಿಳಿ ವಿನೆಗರಿನಲ್ಲಿ ಒರೆಸಿ. ಅದರ ಜೊತೆ ಬ್ಲೀಚ್ ಸೇರಿಸಬೇಡಿ. ಉಬ್ಬಸ ಇರುವವರು ಈ ಕೆಲಸಕ್ಕೆ ಕೈ ಹಾಕಬೇಡಿ. ಕ್ಯಾಬಿನ್ ಫಿಲ್ಟರ್ ಹೊಸದು ಹಾಕಿ.

ಇಲ್ಲಿಗೆ ನಿಲ್ಲಿಸಿ, ಗ್ಯಾರೇಜಿಗೆ ಒಯ್ಯಿರಿ

ಸೀಟಿನ ಅಡಿ ಹಳದಿ ಕನೆಕ್ಟರ್ ಕಂಡರೆ ಮುಟ್ಟಬೇಡಿ, ಅದು ಏರ್‌ಬ್ಯಾಗಿನದು. ಏರ್‌ಬ್ಯಾಗ್ ದೀಪ ಹತ್ತಿದರೆ, ಪವರ್ ವಿಂಡೋ ತಾನಾಗಿ ಆಡಿದರೆ, ಸುಟ್ಟ ವಾಸನೆ ಬಂದರೆ ಓಡಿಸುವುದನ್ನು ನಿಲ್ಲಿಸಿ. ಹೈಬ್ರಿಡ್, ಎಲೆಕ್ಟ್ರಿಕ್ ಕಾರಿನ ಕಿತ್ತಳೆ ಬಣ್ಣದ ಕೇಬಲ್ ಹತ್ತಿರ ನೀರಿದ್ದರೆ ಕಾರಿನಿಂದ ದೂರ ನಿಂತು ಕಂಪನಿಯವರಿಗೆ ಫೋನ್ ಮಾಡಿ.

ನೆರೆ ನೀರು ಸೀಟಿನ ಮಟ್ಟಕ್ಕೆ ಬಂದಿದ್ದರೆ ಇದು ಸೋರಿಕೆ ಅಲ್ಲ, ಬೇರೆಯೇ ಪ್ರಕರಣ. ಸ್ಟಾರ್ಟ್ ಮಾಡಲೇಬೇಡಿ. ಎಂಜಿನ್‌ಗೆ ನೀರು ಹೋಗಿದ್ದರೆ ಒಂದೇ ಸಲ ಕ್ರ್ಯಾಂಕ್ ಮಾಡಿದರೂ ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗಬಹುದು. ಎಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ರಕ್ಷಣೆ ಸೇರಿಸಿಕೊಳ್ಳದ ಸಾಮಾನ್ಯ ವಿಮೆ ಅಂಥ ಹಾನಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ನೀರಿನ ಗುರುತು ಕಾಣುವ ಹಾಗೆ ಫೋಟೋ ತೆಗೆದು, ವಿಮೆಯವರಿಗೆ ತಿಳಿಸಿ, ಟೋ ಮಾಡಿಸಿ. ನೀರು ನಿಂತ ಅಂಡರ್‌ಪಾಸ್‌ಗೆ ಇಳಿಯುವ ಯೋಚನೆಯೇ ಬೇಡ. 2023ರ ಮೇ ತಿಂಗಳಲ್ಲಿ ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ಕಾರಿನಲ್ಲಿದ್ದ ಯುವತಿಯೊಬ್ಬರು ಹಾಗೆಯೇ ಜೀವ ಕಳೆದುಕೊಂಡರು.

ಗ್ಯಾರೇಜಿನಲ್ಲಿ "ಸೋರ್ತಿದೆ" ಅಂತ ಅಷ್ಟೇ ಹೇಳಿದರೆ ಅವರೂ ಸಿಲಿಕಾನ್ ಟ್ಯೂಬನ್ನೇ ತೆಗೆಯುತ್ತಾರೆ. ಮಳೆಯಲ್ಲಾ ಎಸಿಯಲ್ಲಾ, ಯಾವ ಮೂಲೆ, ಕಾರು ಹೇಗೆ ನಿಂತಿದ್ದಾಗ, ಹಿಂದೆ ಏನೇನು ಬಿಚ್ಚಿಸಿದ್ದೀರಿ ಅನ್ನುವುದನ್ನೆಲ್ಲ ಹೇಳಿ. ಕಾರು ವಾಪಸ್ ಪಡೆಯುವಾಗ ನಿಮ್ಮೆದುರೇ ಹತ್ತು ನಿಮಿಷ ನೀರು ಬಿಡಿಸಿ ನೋಡಿ. ನನ್ನ ಕಾರಿನಲ್ಲಿ ಹಾಳೆ ಅಂಟಿಸಲು ಮುಕ್ಕಾಲು ಗಂಟೆ ಸಾಕಾಯಿತು. ನಾನು ಮೆತ್ತಿದ್ದ ಸಿಲಿಕಾನ್ ಕೆರೆದು ತೆಗೆಯಲು ಅಲ್ಲಿಯ ಹುಡುಗನಿಗೆ ಅರ್ಧ ದಿನ ಹಿಡಿಯಿತು, ಬಿಲ್ಲಿನಲ್ಲಿ ಅದರ ಮಜೂರಿಯೇ ಜಾಸ್ತಿ ಇತ್ತು.